ಎಷ್ಟು ಗ್ರಾಂ ತೂಗಬೇಕು? ಮೋಲಾರ್ ದ್ರಾವಣದ ಲೆಕ್ಕವೂ ಕೊಬ್ಬರಿ ಎಣ್ಣೆಯ ಪರೀಕ್ಷೆಯೂ



ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರಿಗೆ ಒಂದು ವಿಷಯವನ್ನು ಹೊಸದಾಗಿ ಹೇಳಬೇಕಾಗಿಲ್ಲ. ತೆಂಗಿನಕಾಯಿಯನ್ನು ಎಣಿಸಿ ಮಾರುವುದು ಬಹುಕಾಲದ ರೂಢಿ. ಅದೇ ಕಾಯಿ ಅಟ್ಟದಲ್ಲಿ ಒಣಗಿ ಕೊಬ್ಬರಿಯಾದ ಮೇಲೆ ಅದನ್ನು ತೂಗಿ ಮಾರುತ್ತಾರೆ. ಕಾಯಿಗೆ ಸಾವಿರದ ಲೆಕ್ಕ, ಕೊಬ್ಬರಿಗೆ ಕ್ವಿಂಟಾಲಿನ ಲೆಕ್ಕ. ಆದರೂ ಅನುಭವವಿರುವ ರೈತ ಇಷ್ಟು ಸಾವಿರ ಕಾಯಿಗೆ ಇಷ್ಟು ಕ್ವಿಂಟಾಲ್ ಕೊಬ್ಬರಿ ಬರುತ್ತದೆ ಎಂದು ಕುಳಿತಲ್ಲೇ ಹೇಳಬಲ್ಲ. ಏಕೆಂದರೆ ಒಂದು ಕೊಬ್ಬರಿ ಸರಾಸರಿ ಎಷ್ಟು ತೂಗುತ್ತದೆ ಎಂಬುದು ಅವನಿಗೆ ಗೊತ್ತು. ಎಣಿಕೆಯಿಂದ ತೂಕಕ್ಕೆ ಹೋಗಲು ಅವನಿಗೆ ಬೇಕಾದದ್ದು ಅದೊಂದೇ ಸಂಖ್ಯೆ.

ರಸಾಯನಶಾಸ್ತ್ರದಲ್ಲಿ ನಿರ್ದಿಷ್ಟ ಮೋಲಾರಿಟಿಯ ದ್ರಾವಣ ತಯಾರಿಸುವಾಗ ನಾವು ಮಾಡುವುದೂ ಇದೇ ಲೆಕ್ಕ. ಕ್ರಿಯೆಗಳು ನಡೆಯುವುದು ಕಣಗಳ ಎಣಿಕೆಯ ಮೇಲೆ. ನಮ್ಮ ಕೈಯಲ್ಲಿರುವುದು ಮಾತ್ರ ತಕ್ಕಡಿ. ಎಣಿಕೆಯನ್ನು ತೂಕಕ್ಕೆ ತಿರುಗಿಸುವುದು ಹೇಗೆ, ಆ ತೂಕ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ. ಉದಾಹರಣೆಗೆ ಕೊಬ್ಬರಿ ಎಣ್ಣೆಯ ಒಂದು ಪರೀಕ್ಷೆಯನ್ನೇ ತೆಗೆದುಕೊಳ್ಳೋಣ. ಪಕ್ಕದಲ್ಲಿ ಕಾಗದ, ಪೆನ್ಸಿಲ್ ಇಟ್ಟುಕೊಂಡು ಲೆಕ್ಕಗಳನ್ನು ನೀವೂ ಮಾಡುತ್ತಾ ಬನ್ನಿ.

ಮೋಲ್ ಎಂದರೇನು?

ಹನ್ನೆರಡಕ್ಕೆ ಡಜನ್ ಎನ್ನುತ್ತೇವೆ. ಹಾಗೆಯೇ 6.022 × 10²³ ಕಣಗಳಿಗೆ ಒಂದು ಮೋಲ್ ಎನ್ನುತ್ತೇವೆ. ಈ ಸಂಖ್ಯೆಗೆ ಆವೊಗಾಡ್ರೋ ಸಂಖ್ಯೆ ಎಂದು ಹೆಸರು. ಹಿಂದೆ ಮೋಲನ್ನು 12 ಗ್ರಾಂ ಕಾರ್ಬನ್-12ರಲ್ಲಿರುವ ಪರಮಾಣುಗಳ ಸಂಖ್ಯೆಯ ಮೂಲಕ ವ್ಯಾಖ್ಯಾನಿಸುತ್ತಿದ್ದರು. 2019ರ ಮೇ 20ರಿಂದ ಆವೊಗಾಡ್ರೋ ಸಂಖ್ಯೆಯನ್ನೇ 6.02214076 × 10²³ ಎಂದು ನಿಗದಿಮಾಡಿ, ಅದರ ಮೇಲೆ ಮೋಲನ್ನು ವ್ಯಾಖ್ಯಾನಿಸಲಾಗಿದೆ. ನಮ್ಮ ಪ್ರಯೋಗಶಾಲೆಯ ಲೆಕ್ಕಗಳಿಗೆ ಇದರಿಂದ ಯಾವ ವ್ಯತ್ಯಾಸವೂ ಆಗುವುದಿಲ್ಲ.

ಒಂದು ಡಜನ್ ನಿಂಬೆಹಣ್ಣಿನ ತೂಕವೂ ಒಂದು ಡಜನ್ ತೆಂಗಿನಕಾಯಿಯ ತೂಕವೂ ಒಂದೇ ಆಗಿರುವುದಿಲ್ಲ. ಎಣಿಕೆ ಒಂದೇ, ತೂಕ ಬೇರೆ. ಹಾಗೆಯೇ ಒಂದು ಮೋಲ್ ನೀರು 18 ಗ್ರಾಂ ತೂಗಿದರೆ, ಒಂದು ಮೋಲ್ ಸಕ್ಕರೆ 342 ಗ್ರಾಂ ತೂಗುತ್ತದೆ. ಒಂದು ಮೋಲ್ ವಸ್ತುವಿನ ರಾಶಿಗೆ ಮೋಲಾರ್ ರಾಶಿ ಎಂದು ಹೆಸರು. ಅಣುವಿನಲ್ಲಿರುವ ಎಲ್ಲ ಪರಮಾಣುಗಳ ತೂಕವನ್ನು ಕೂಡಿ, ಮುಂದೆ 'ಗ್ರಾಂ' ಎಂದು ಬರೆದರೆ ಅದು ದೊರೆಯುತ್ತದೆ. ರೈತನಿಗೆ ಒಂದು ಕೊಬ್ಬರಿಯ ಸರಾಸರಿ ತೂಕ ಹೇಗೋ, ರಸಾಯನಶಾಸ್ತ್ರದ ವಿದ್ಯಾರ್ಥಿಗೆ ಮೋಲಾರ್ ರಾಶಿ ಹಾಗೆ.

ಮೋಲಾರಿಟಿ ಎಂದರೇನು?

ಕರಗುವ ವಸ್ತು ದ್ರಾವ್ಯ. ಕರಗಿಸುವ ದ್ರವ ದ್ರಾವಕ. ಎರಡೂ ಸೇರಿದರೆ ದ್ರಾವಣ. ಒಂದು ಲೀಟರ್ ದ್ರಾವಣದಲ್ಲಿ ಎಷ್ಟು ಮೋಲ್ ದ್ರಾವ್ಯವಿದೆ ಎಂಬುದೇ ಆ ದ್ರಾವಣದ ಮೋಲಾರಿಟಿ. ಸೀಸೆಯ ಮೇಲೆ '0.1 ಮೋಲಾರ್' ಎಂದು ಬರೆದಿದ್ದರೆ, ಅದರ ಒಂದು ಲೀಟರಿನಲ್ಲಿ 0.1 ಮೋಲ್ ದ್ರಾವ್ಯವಿದೆ ಎಂದು ಅರ್ಥ.

ಇಲ್ಲಿ 'ದ್ರಾವಣ' ಎಂಬ ಪದವನ್ನು ಗಮನವಿಟ್ಟು ಓದಿ. ಒಂದು ಲೀಟರ್ ನೀರಿಗೆ ದ್ರಾವ್ಯ ಹಾಕಿ ಎಂದು ಹೇಳಿಲ್ಲ. ಒಂದು ಮೋಲ್ ಅಂದರೆ 342 ಗ್ರಾಂ ಸಕ್ಕರೆಯನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಿ ನೋಡಿ. ದೊರೆಯುವ ಪಾನಕದ ಗಾತ್ರ ಸುಮಾರು 1.2 ಲೀಟರ್ ಆಗುತ್ತದೆ, ಏಕೆಂದರೆ ಸಕ್ಕರೆಯೂ ಜಾಗ ಹಿಡಿಯುತ್ತದೆ. ಆಗ ಮೋಲಾರಿಟಿ 1 ಆಗದೆ ಸುಮಾರು 0.83ಕ್ಕೆ ಇಳಿಯುತ್ತದೆ. 1 ಮೋಲಾರ್ ಬೇಕಾದರೆ ಸಕ್ಕರೆಯನ್ನು ಮೊದಲು ಸ್ವಲ್ಪ ನೀರಿನಲ್ಲಿ ಕರಗಿಸಿ, ಅನಂತರ ಒಟ್ಟು ಗಾತ್ರ ಒಂದು ಲೀಟರ್ ಆಗುವವರೆಗೆ ನೀರು ಸೇರಿಸಬೇಕು.

ಸೂತ್ರ

ಬೇಕಾದ ಮೋಲ್‌ಗಳು = ಮೋಲಾರಿಟಿ × ದ್ರಾವಣದ ಗಾತ್ರ (ಲೀಟರ್‌ಗಳಲ್ಲಿ)

ಬೇಕಾದ ಗ್ರಾಂಗಳು = ಮೋಲ್‌ಗಳು × ಮೋಲಾರ್ ರಾಶಿ

ಇವೆರಡನ್ನೂ ಸೇರಿಸಿ, ಗಾತ್ರವನ್ನು ಮಿಲಿಲೀಟರಿನಲ್ಲಿ ಬರೆದರೆ:

ದ್ರಾವ್ಯದ ರಾಶಿ (ಗ್ರಾಂ) = ಮೋಲಾರಿಟಿ × ಮೋಲಾರ್ ರಾಶಿ × ಗಾತ್ರ (ಮಿ.ಲೀ.) ÷ 1000

ಸೂತ್ರವನ್ನು ಬಾಯಿಪಾಠ ಮಾಡುವುದಕ್ಕಿಂತ ಅದರ ಹಿಂದಿನ ಎರಡು ಹೆಜ್ಜೆಗಳನ್ನು ನೆನಪಿನಲ್ಲಿಡಿ. ಮೊದಲು 'ಎಷ್ಟು ಮೋಲ್?' ಎಂದು ಕೇಳಿಕೊಳ್ಳಿ. ಆಮೇಲೆ 'ಅದು ಎಷ್ಟು ಗ್ರಾಂ?' ಎಂದು ಕೇಳಿಕೊಳ್ಳಿ. ಪರೀಕ್ಷೆಯ ಗಾಬರಿಯಲ್ಲಿ ಸೂತ್ರ ಮರೆತರೂ ಈ ಎರಡು ಪ್ರಶ್ನೆಗಳು ನಿಮ್ಮನ್ನು ಉತ್ತರಕ್ಕೆ ಕರೆದೊಯ್ಯುತ್ತವೆ.

ಕೊಬ್ಬರಿ ಎಣ್ಣೆಯ ಆಮ್ಲಾಂಕ

ತಿಪಟೂರು ಸೀಮೆಯಲ್ಲಿ ಬಲಿತ ಕಾಯಿಗಳನ್ನು ಸಿಪ್ಪೆಯ ಸಮೇತ ಅಟ್ಟದ ಮೇಲೆ ತಿಂಗಳುಗಟ್ಟಲೆ ಇಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಒಣಗಿ ಚಿಪ್ಪಿನಿಂದ ಬಿಡಿಸಿಕೊಂಡು, ಅಲ್ಲಾಡಿಸಿದರೆ ಸದ್ದು ಮಾಡುವ ಉಂಡೆ ಕೊಬ್ಬರಿಯಾಗುತ್ತದೆ. ಒಣಗುವುದು ಸರಿಯಾಗದಿದ್ದರೆ ಅಥವಾ ಒಣಗಿದ ಕೊಬ್ಬರಿಗೆ ಮತ್ತೆ ತೇವ ತಗುಲಿದರೆ ಬೂಷ್ಟು ಹಿಡಿಯುತ್ತದೆ, ವಾಸನೆ ಕೆಡುತ್ತದೆ.

ಆಗ ಒಳಗೆ ನಡೆಯುವುದೇನು? ಎಣ್ಣೆಯ ಪ್ರತಿಯೊಂದು ಅಣುವಿನಲ್ಲೂ ಒಂದು ಗ್ಲಿಸರಾಲ್‌ಗೆ ಮೂರು ಮೇದಾಮ್ಲಗಳು ಜೋಡಣೆಗೊಂಡಿರುತ್ತವೆ. ತೇವ ಮತ್ತು ಬೂಷ್ಟಿನ ಕಿಣ್ವಗಳು ಸೇರಿ ಈ ಜೋಡಣೆಯನ್ನು ಬಿಡಿಸುತ್ತವೆ. ಮೇದಾಮ್ಲಗಳು ಬಿಡಿಯಾಗುತ್ತವೆ. ಕೊಬ್ಬರಿ ಎಣ್ಣೆಯ ಮೇದಾಮ್ಲಗಳಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಲಾರಿಕ್ ಆಮ್ಲ. ಎಣ್ಣೆಯಲ್ಲಿ ಬಿಡಿ ಆಮ್ಲ ಹೆಚ್ಚಿದಷ್ಟೂ ಅದು ಕೆಟ್ಟಿದೆ ಎಂದು ಅರ್ಥ. ಇದನ್ನು ಅಳೆಯುವ ಸಂಖ್ಯೆಗೆ ಆಮ್ಲಾಂಕ ಎಂದು ಹೇಳೋಣ. ಒಂದು ಗ್ರಾಂ ಎಣ್ಣೆಯಲ್ಲಿರುವ ಬಿಡಿ ಆಮ್ಲವನ್ನು ತಟಸ್ಥಗೊಳಿಸಲು ಎಷ್ಟು ಮಿಲಿಗ್ರಾಂ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೇಕೋ ಅದೇ ಆಮ್ಲಾಂಕ. ಆಹಾರ ಪದಾರ್ಥಗಳಿಗೆ ಅಂತರರಾಷ್ಟ್ರೀಯ ಮಾನದಂಡ ರೂಪಿಸುವ ಕೋಡೆಕ್ಸ್ ಆಯೋಗ 1999ರಲ್ಲಿ ಹೊರತಂದ ಸಸ್ಯಜನ್ಯ ಎಣ್ಣೆಗಳ ಮಾನದಂಡದ ಪ್ರಕಾರ, ಬಿಸಿ ತಾಗಿಸದೆ ಹಿಂಡಿ ತೆಗೆದ ಎಣ್ಣೆಯ ಆಮ್ಲಾಂಕ 4.0 ಅನ್ನು ಮೀರಬಾರದು.

ಈ ಅಂಕವನ್ನು ಕಂಡುಹಿಡಿಯಲು ಎಣ್ಣೆಗೆ ಕ್ಷಾರದ ದ್ರಾವಣವನ್ನು ಬ್ಯೂರೆಟ್‌ನಿಂದ ಹನಿಹನಿಯಾಗಿ ಸೇರಿಸುತ್ತೇವೆ. ಆ ಕ್ಷಾರದ ಮೋಲಾರಿಟಿ ಖಚಿತವಾಗಿ ಗೊತ್ತಿರಬೇಕು. ಅದಕ್ಕಾಗಿ ಎರಡು ದ್ರಾವಣಗಳನ್ನು ತಯಾರಿಸಬೇಕು.

ಉದಾಹರಣೆ 1: ಸೋಡಿಯಂ ಹೈಡ್ರಾಕ್ಸೈಡ್

250 ಮಿ.ಲೀ. 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣಕ್ಕೆ ಎಷ್ಟು ಗ್ರಾಂ ಬೇಕು?

ಮೋಲಾರ್ ರಾಶಿ: ಸೋಡಿಯಂ 23, ಆಕ್ಸಿಜನ್ 16, ಹೈಡ್ರೋಜನ್ 1. ಒಟ್ಟು 40.

ರಾಶಿ = 0.1 × 40 × 250 ÷ 1000 = 1.0 ಗ್ರಾಂ.

ಲೆಕ್ಕ ಸುಲಭವಾಯಿತು. ಆದರೆ ವಸ್ತು ಸುಲಭದ್ದಲ್ಲ. ಸೋಡಿಯಂ ಹೈಡ್ರಾಕ್ಸೈಡ್ ಗಾಳಿಯ ತೇವವನ್ನು ಹೀರಿಕೊಂಡು ಜಿಗುಟಾಗುತ್ತದೆ. ಗಾಳಿಯ ಕಾರ್ಬನ್ ಡೈಆಕ್ಸೈಡನ್ನೂ ಹಿಡಿದು ಸ್ವಲ್ಪ ಭಾಗ ಕಾರ್ಬೊನೇಟ್ ಆಗುತ್ತದೆ. ನೀವು ತೂಗಿದ ಒಂದು ಗ್ರಾಂನಲ್ಲಿ ನಿಜವಾದ ಸೋಡಿಯಂ ಹೈಡ್ರಾಕ್ಸೈಡ್ ಎಷ್ಟಿದೆ ಎಂದು ತಕ್ಕಡಿ ಹೇಳಲಾರದು. ಆದುದರಿಂದ ಈ ದ್ರಾವಣವನ್ನು 'ಸುಮಾರು 0.1 ಮೋಲಾರ್' ಎಂದು ಮಾತ್ರ ಕರೆಯಬೇಕು. ಅದರ ನಿಜವಾದ ಬಲವನ್ನು ಇನ್ನೊಂದು ನಂಬಿಕಸ್ಥ ದ್ರಾವಣದ ಜೊತೆ ಹೋಲಿಸಿ ತಿಳಿಯಬೇಕು.

ಉದಾಹರಣೆ 2: ಆಕ್ಸಾಲಿಕ್ ಆಮ್ಲ

ಆ ನಂಬಿಕಸ್ಥ ವಸ್ತು ಆಕ್ಸಾಲಿಕ್ ಆಮ್ಲ. ಶುದ್ಧ ಹರಳುಗಳಾಗಿ ದೊರೆಯುತ್ತದೆ, ಸಾಮಾನ್ಯ ಗಾಳಿಯಲ್ಲಿ ತೂಗುವಾಗ ಬದಲಾಗುವುದಿಲ್ಲ. ಪಿ.ಯು.ಸಿ. ಪ್ರಯೋಗಶಾಲೆಯಲ್ಲಿ ಪ್ರಮಾಣಿತ ದ್ರಾವಣಕ್ಕಾಗಿ ಇದನ್ನೇ ಕೊಡುವುದಕ್ಕೆ ಕಾರಣ ಇದು.

250 ಮಿ.ಲೀ. 0.05 ಮೋಲಾರ್ ಆಕ್ಸಾಲಿಕ್ ಆಮ್ಲ ಬೇಕೆಂದುಕೊಳ್ಳಿ.

ಆಮ್ಲದ ಅಣುವಿನಲ್ಲಿ ಹೈಡ್ರೋಜನ್ 2, ಕಾರ್ಬನ್ 2, ಆಕ್ಸಿಜನ್ 4. ಅಂದರೆ 2 + 24 + 64 = 90. ಆದರೆ ಸೀಸೆಯಲ್ಲಿರುವ ಹರಳಿನಲ್ಲಿ ಪ್ರತಿಯೊಂದು ಆಮ್ಲದ ಅಣುವಿನೊಡನೆ ಎರಡು ನೀರಿನ ಅಣುಗಳೂ ಇರುತ್ತವೆ. ಇದೇ ಸ್ಫಟಿಕ ಜಲ. ಅದರ ತೂಕ 2 × 18 = 36. ಆದ್ದರಿಂದ ತೂಗಬೇಕಾದ ಹರಳಿನ ಮೋಲಾರ್ ರಾಶಿ 90 + 36 = 126.

ರಾಶಿ = 0.05 × 126 × 250 ÷ 1000 = 1.575 ಗ್ರಾಂ.

ದ್ರಾವಣ ತಯಾರಿಸುವ ಕ್ರಮ

ಲೆಕ್ಕದಲ್ಲಿ ದೊರೆತ 1.575 ಗ್ರಾಂ ಪೂರ್ತಿಯಾಗಿ ಫ್ಲಾಸ್ಕಿನೊಳಗೆ ಸೇರಬೇಕು, ಮತ್ತು ಗಾತ್ರ ಸರಿಯಾಗಿ 250 ಮಿ.ಲೀ. ಆಗಬೇಕು. ಕೆಳಗಿನ ಪ್ರತಿ ಹೆಜ್ಜೆಯೂ ಈ ಎರಡರಲ್ಲಿ ಒಂದನ್ನು ಕಾಯುತ್ತದೆ.

1. ಹರಳುಗಳನ್ನು ತೂಗುವ ಸೀಸೆಯಲ್ಲಿ ನಿಖರವಾಗಿ ತೂಗಿ, ಬೀಕರಿಗೆ ಹಾಕಿ. ಸೀಸೆಗೆ ಅಂಟಿದ್ದನ್ನೂ ಭಟ್ಟಿ ಇಳಿಸಿದ ನೀರಿನಿಂದ ತೊಳೆದು ಅದೇ ಬೀಕರಿಗೆ ಸೇರಿಸಿ.
2. ಸುಮಾರು 50 ಮಿ.ಲೀ. ನೀರಿನಲ್ಲಿ ಗಾಜಿನ ಕಡ್ಡಿಯಿಂದ ಕಲಕಿ ಪೂರ್ತಿ ಕರಗಿಸಿ.
3. ಆಲಿಕೆಯ ಮೂಲಕ 250 ಮಿ.ಲೀ. ಪ್ರಮಾಣಿತ ಫ್ಲಾಸ್ಕಿಗೆ ಸುರಿಯಿರಿ. ಬೀಕರು, ಕಡ್ಡಿ, ಆಲಿಕೆಗಳನ್ನು ಎರಡು ಮೂರು ಬಾರಿ ತೊಳೆದು ಆ ನೀರನ್ನೂ ಫ್ಲಾಸ್ಕಿಗೇ ಹಾಕಿ.
4. ಕತ್ತಿನ ಗುರುತಿನ ಹತ್ತಿರ ಬರುವವರೆಗೆ ನೀರು ತುಂಬಿ. ಕೊನೆಯ ಹನಿಗಳನ್ನು ಡ್ರಾಪರಿನಿಂದ ಹಾಕಿ. ಕಣ್ಣನ್ನು ಗುರುತಿನ ಮಟ್ಟಕ್ಕೆ ತಂದು, ದ್ರವದ ಬಾಗಿದ ಮೇಲ್ಮೈಯ ಕೆಳಅಂಚು ಗುರುತನ್ನು ಮುಟ್ಟಿದಾಗ ನಿಲ್ಲಿಸಿ. ಗುರುತು ದಾಟಿದರೆ ಹೆಚ್ಚಾದದ್ದನ್ನು ತೆಗೆದು ಸರಿಪಡಿಸಲಾಗದು. ಮೊದಲಿನಿಂದ ಮಾಡಬೇಕು.
5. ಬಿರಡೆ ಹಾಕಿ, ಫ್ಲಾಸ್ಕನ್ನು ಹಲವು ಬಾರಿ ತಲೆಕೆಳಗೆ ಮಾಡಿ ಬೆರೆಸಿ.

ಎಚ್ಚರಿಕೆ: ಸೋಡಿಯಂ ಹೈಡ್ರಾಕ್ಸೈಡ್ ಕರಗುವಾಗ ದ್ರಾವಣ ಬಿಸಿಯಾಗುತ್ತದೆ. ತಣ್ಣಗಾದ ಮೇಲೆಯೇ ಗುರುತಿನವರೆಗೆ ತುಂಬಿ, ಏಕೆಂದರೆ ಬಿಸಿ ದ್ರವದ ಗಾತ್ರ ಹೆಚ್ಚು. ಇದನ್ನು ಬರಿಗೈಯಲ್ಲಿ ಮುಟ್ಟಬಾರದು. ಆಕ್ಸಾಲಿಕ್ ಆಮ್ಲ ವಿಷ. ಇವೆರಡನ್ನೂ ಪಿಪೆಟ್‌ನಿಂದ ಬಾಯಲ್ಲಿ ಎಳೆಯಬಾರದು. ರಬ್ಬರ್ ಬಲ್ಬ್ ಬಳಸಿ.

ಕ್ಷಾರದ ಬಲವನ್ನು ತಿಳಿಯುವುದು

ಒಂದು ಮೋಲ್ ಆಕ್ಸಾಲಿಕ್ ಆಮ್ಲವನ್ನು ತಟಸ್ಥಗೊಳಿಸಲು ಎರಡು ಮೋಲ್ ಸೋಡಿಯಂ ಹೈಡ್ರಾಕ್ಸೈಡ್ ಬೇಕು. 10 ಮಿ.ಲೀ. 0.05 ಮೋಲಾರ್ ಆಮ್ಲದಲ್ಲಿ 0.5 ಮಿಲಿಮೋಲ್ ಆಮ್ಲವಿದೆ. ಅದಕ್ಕೆ 1.0 ಮಿಲಿಮೋಲ್ ಕ್ಷಾರ ಬೇಕು. ಫಿನಾಲ್ಫ್ತಲೀನ್ ಸೂಚಕ ಹಾಕಿ ಅನುಮಾಪನ ಮಾಡಿದಾಗ, ತಿಳಿಗುಲಾಬಿ ಬಣ್ಣ ಬರಲು ಬ್ಯೂರೆಟ್‌ನಿಂದ 10.0 ಮಿ.ಲೀ. ಇಳಿದರೆ ಕ್ಷಾರ ಸರಿಯಾಗಿ 0.1 ಮೋಲಾರ್. 10.2 ಮಿ.ಲೀ. ಇಳಿದರೆ 1.0 ÷ 10.2 = 0.098 ಮೋಲಾರ್. ಸೀಸೆಯ ಮೇಲೆ ಬರೆಯಬೇಕಾದದ್ದು ಹೀಗೆ ಪ್ರಯೋಗದಿಂದ ದೊರೆತ ಸಂಖ್ಯೆಯನ್ನು.

ಈಗ ಎಣ್ಣೆಯ ಸರದಿ

ನಮ್ಮ ಕ್ಷಾರ 0.1 ಮೋಲಾರ್ ಎಂದು ಸಿದ್ಧವಾಯಿತು ಎಂದುಕೊಳ್ಳೋಣ. 10 ಗ್ರಾಂ ಕೊಬ್ಬರಿ ಎಣ್ಣೆಯನ್ನು ಶಂಕುವಿನಾಕಾರದ ಫ್ಲಾಸ್ಕಿಗೆ ತೂಗಿ, ಮೊದಲೇ ತಟಸ್ಥಗೊಳಿಸಿದ ಬೆಚ್ಚಗಿನ ಆಲ್ಕೋಹಾಲ್ ಸೇರಿಸಿ, ಸೂಚಕ ಹಾಕಿ, ಚೆನ್ನಾಗಿ ಅಲುಗಿಸುತ್ತಾ ಅನುಮಾಪನ ಮಾಡಬೇಕು. 5.7 ಮಿ.ಲೀ. ಕ್ಷಾರ ಖರ್ಚಾಯಿತು ಎನ್ನಿ.

ಕ್ಷಾರದ ಮಿಲಿಮೋಲ್‌ಗಳು = 5.7 × 0.1 = 0.57

ಇಷ್ಟೇ ಮಿಲಿಮೋಲ್ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನ ತೂಕ = 0.57 × 56.1 = 32 ಮಿಲಿಗ್ರಾಂ

ಆಮ್ಲಾಂಕ = 32 ÷ 10 = 3.2

ಮಿತಿ 4.0. ಎಣ್ಣೆ ಉತ್ತೀರ್ಣವಾಯಿತು.

ತೂಕ ತಪ್ಪಿದರೆ?

ಇದೇ ಎಣ್ಣೆ, ಇದೇ ಕ್ಷಾರ. ಆದರೆ ಆಕ್ಸಾಲಿಕ್ ಆಮ್ಲದ ಹರಳನ್ನು ತೂಗುವವರು ಸ್ಫಟಿಕ ಜಲವನ್ನು ಮರೆತು 126ರ ಬದಲು 90ನ್ನು ಹಿಡಿದು ಲೆಕ್ಕ ಹಾಕಿದರು ಎಂದುಕೊಳ್ಳಿ. 0.05 × 90 × 250 ÷ 1000 = 1.125 ಗ್ರಾಂ ತೂಗುತ್ತಾರೆ. ಸೀಸೆಯ ಮೇಲೆ '0.05 ಮೋಲಾರ್' ಎಂದೇ ಬರೆಯುತ್ತಾರೆ. ಒಳಗಿರುವುದು ನಿಜವಾಗಿ 0.036 ಮೋಲಾರ್ ಮಾತ್ರ.

ಆಮ್ಲ ದುರ್ಬಲವಾದುದರಿಂದ ಅದರ 10 ಮಿ.ಲೀ.ಗೆ 7.14 ಮಿ.ಲೀ. ಕ್ಷಾರ ಸಾಕಾಗುತ್ತದೆ. ಚೀಟಿಯನ್ನು ನಂಬಿ ಲೆಕ್ಕ ಹಾಕಿದರೆ ಕ್ಷಾರದ ಬಲ 1.0 ÷ 7.14 = 0.14 ಮೋಲಾರ್ ಎಂದು ಬರುತ್ತದೆ. ಅದೇ ಎಣ್ಣೆಗೆ ಅದೇ 5.7 ಮಿ.ಲೀ. ಖರ್ಚಾದರೂ ಆಮ್ಲಾಂಕ 5.7 × 0.14 × 56.1 ÷ 10 = 4.5 ಎಂದು ಬರೆಯಬೇಕಾಗುತ್ತದೆ. ಒಳ್ಳೆಯ ಎಣ್ಣೆ ಅನುತ್ತೀರ್ಣವಾಯಿತು!

ತಪ್ಪು ಇನ್ನೊಂದು ದಿಕ್ಕಿಗೂ ಆಗಬಹುದು. ಆಕ್ಸಾಲಿಕ್ ಆಮ್ಲ ಸ್ಫಟಿಕ ಜಲವಿಲ್ಲದ ರೂಪದಲ್ಲೂ ದೊರೆಯುತ್ತದೆ. ಅದರ ಮೋಲಾರ್ ರಾಶಿ 90. ಸೀಸೆಯ ಚೀಟಿ ಓದದೆ, ಅಭ್ಯಾಸಬಲದಿಂದ ಅದನ್ನೂ 1.575 ಗ್ರಾಂ ತೂಗಿದರೆ ದ್ರಾವಣ 0.07 ಮೋಲಾರ್ ಆಗುತ್ತದೆ. ಆಗ 10 ಮಿ.ಲೀ. ಆಮ್ಲಕ್ಕೆ 14 ಮಿ.ಲೀ. ಕ್ಷಾರ ಬೇಕಾಗಿ, ಕ್ಷಾರದ ಬಲ 0.071 ಎಂದು ತೋರುತ್ತದೆ. ನಿಜವಾಗಿ 5.0 ಆಮ್ಲಾಂಕವಿರುವ ಕೆಟ್ಟ ಎಣ್ಣೆ 3.6 ಎಂದು ಲೆಕ್ಕಕ್ಕೆ ಬಂದು ಉತ್ತೀರ್ಣವಾಗಿಬಿಡುತ್ತದೆ.

ಮೊದಲನೆಯ ತಪ್ಪಿನಿಂದ ಎಣ್ಣೆ ತೆಗೆದವನಿಗೆ ನಷ್ಟ. ಎರಡನೆಯದರಿಂದ ಅದನ್ನು ಕೊಂಡು ಅಡುಗೆ ಮಾಡುವವರಿಗೆ ಮೋಸ. ಎರಡರಲ್ಲೂ ಬ್ಯೂರೆಟ್ ಸರಿಯಾಗಿತ್ತು, ಬಣ್ಣ ಸರಿಯಾದ ಹನಿಗೇ ಬಂದಿತ್ತು, ಗುಣಾಕಾರ ಭಾಗಾಕಾರದಲ್ಲೂ ತಪ್ಪಿರಲಿಲ್ಲ. ಎಷ್ಟು ಸಲ ಅನುಮಾಪನ ಮಾಡಿದರೂ ಅದೇ ಉತ್ತರ ಬರುತ್ತಿತ್ತು. ತಪ್ಪು ಕುಳಿತಿದ್ದದ್ದು ಮೊದಲ ತೂಕದಲ್ಲಿ. ಪ್ರಮಾಣಿತ ದ್ರಾವಣದ ತಪ್ಪು ತಾನಾಗಿ ಹೊರಗೆ ಕಾಣಿಸುವುದಿಲ್ಲ. ಅದಕ್ಕಾಗಿಯೇ ಪ್ರಯೋಗ ಪರೀಕ್ಷೆಯಲ್ಲಿ ಪರೀಕ್ಷಕರು ತೂಕದ ಲೆಕ್ಕಕ್ಕೆ ಅಷ್ಟು ಮಹತ್ವ ಕೊಡುತ್ತಾರೆ.

ತೋಟದಲ್ಲಿ ಶೇಕಡ, ಪ್ರಯೋಗಶಾಲೆಯಲ್ಲಿ ಮೋಲ್

ನಿಮ್ಮಲ್ಲಿ ಕೆಲವರು ಕೇಳಬಹುದು: ನಮ್ಮ ತೋಟದಲ್ಲಿ ತೆಂಗಿನ ಸುಳಿಕೊಳೆ ರೋಗಕ್ಕೆ ಶೇಕಡ 1ರ ಬೋರ್ಡೋ ದ್ರಾವಣ ಸಿಂಪಡಿಸುತ್ತೇವಲ್ಲ, ಅಲ್ಲಿ ಯಾರೂ ಮೋಲಾರಿಟಿ ಲೆಕ್ಕ ಹಾಕುವುದಿಲ್ಲವಲ್ಲ?

ಒಳ್ಳೆಯ ಪ್ರಶ್ನೆ. ಬೋರ್ಡೋ ದ್ರಾವಣಕ್ಕೆ 100 ಲೀಟರಿಗೆ 1 ಕಿಲೋಗ್ರಾಂ ಮೈಲುತುತ್ತ, 1 ಕಿಲೋಗ್ರಾಂ ಸುಣ್ಣ ಹಾಕುತ್ತಾರೆ. ಅಂದರೆ ಲೀಟರಿಗೆ 10 ಗ್ರಾಂ ಮೈಲುತುತ್ತ. ಮೈಲುತುತ್ತ ಎಂದರೆ ಐದು ನೀರಿನ ಅಣುಗಳನ್ನು ಹೊತ್ತ ತಾಮ್ರದ ಸಲ್ಫೇಟ್. ಮೋಲಾರ್ ರಾಶಿ 63.5 + 32 + 64 + 90 = 249.5. ಹಾಗಾದರೆ 10 ÷ 249.5 = 0.04 ಮೋಲ್. ಲೀಟರಿಗೆ 0.04 ಮೋಲ್ ತಾಮ್ರ ಎಂದಾಯಿತು.

ತೋಟದಲ್ಲಿ ಸುಳಿಯ ಮೇಲೆ ಸಾಕಷ್ಟು ತಾಮ್ರ ಬಿದ್ದರೆ ಕೆಲಸವಾಯಿತು. ಅದಕ್ಕೆ ಗ್ರಾಂಗಳ ಲೆಕ್ಕ ಸಾಕು. ಅನುಮಾಪನದಲ್ಲಿ ಹಾಗಲ್ಲ. ಅಲ್ಲಿ ಒಂದು ವಸ್ತುವಿನ ಇಷ್ಟು ಕಣಗಳು ಇನ್ನೊಂದರ ಇಷ್ಟೇ ಕಣಗಳೊಡನೆ ಕೂಡುತ್ತವೆ. ಸಮನಾಗಿ ತೂಗಿದ ಎರಡು ವಸ್ತುಗಳಲ್ಲಿ ಕಣಗಳ ಸಂಖ್ಯೆ ಸಮನಾಗಿರುವುದಿಲ್ಲ. ಸಮಾನ ಮೋಲಾರಿಟಿಯ, ಸಮಾನ ಗಾತ್ರದ ಎರಡು ದ್ರಾವಣಗಳಲ್ಲಿ ದ್ರಾವ್ಯದ ಮೋಲ್‌ಗಳು ಸಮನಾಗಿರುತ್ತವೆ. ಮೋಲಾರಿಟಿಯ ಉಪಯೋಗವೇ ಅದು.

ನೆನಪಿಡಿ

• ಮೊದಲು ಸೀಸೆಯ ಚೀಟಿ ಓದಿ. ಸ್ಫಟಿಕ ಜಲವಿದೆಯೇ, ಎಷ್ಟಿದೆ ಎಂದು ನೋಡಿ ಮೋಲಾರ್ ರಾಶಿ ಬರೆಯಿರಿ.
• ಶುದ್ಧತೆ ಕಡಿಮೆಯಿದ್ದರೆ ತೂಕ ಹೆಚ್ಚಿಸಬೇಕು. ಶೇಕಡ 97 ಶುದ್ಧವಾದ ವಸ್ತುವಿನಿಂದ 1.0 ಗ್ರಾಂ ಬೇಕಾದರೆ 1.0 ÷ 0.97 = 1.03 ಗ್ರಾಂ ತೂಗಿ.
• ಗಾತ್ರ ದ್ರಾವಣದ್ದು. ದ್ರಾವಕದ್ದಲ್ಲ.
• ಮಿಲಿಲೀಟರಿನಲ್ಲಿ ಗಾತ್ರ ಬರೆದರೆ 1000ದಿಂದ ಭಾಗಿಸಲು ಮರೆಯಬೇಡಿ.
• ಉತ್ತರ ಬಂದ ಮೇಲೆ ಅದನ್ನು ಹಿಂದಕ್ಕೆ ಲೆಕ್ಕ ಹಾಕಿ: ಗ್ರಾಂನಿಂದ ಮೋಲ್, ಮೋಲ್‌ನಿಂದ ಮೋಲಾರಿಟಿ. ಹೊರಟ ಸಂಖ್ಯೆಗೇ ಬಂದು ತಲುಪಬೇಕು.

ನೀವೇ ಮಾಡಿ ನೋಡಿ

1. ಕೊಬ್ಬರಿ ಎಣ್ಣೆಯ ಸಾಬೂನೀಕರಣ ಅಂಕವನ್ನು ತಿಳಿಯಲು ಆಲ್ಕೋಹಾಲಿನಲ್ಲಿ ಕರಗಿಸಿದ 0.5 ಮೋಲಾರ್ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೇಕು. 500 ಮಿ.ಲೀ.ಗೆ ಎಷ್ಟು ಗ್ರಾಂ? (ಮೋಲಾರ್ ರಾಶಿ 56.1)

2. ನಿಮ್ಮೂರಿನ ಕೊಳವೆಬಾವಿಯ ನೀರಿನ ಗಡಸುತನವನ್ನು ಅಳೆಯಲು 0.01 ಮೋಲಾರ್ ಇ.ಡಿ.ಟಿ.ಎ. ದ್ರಾವಣ ಬಳಸುತ್ತಾರೆ. ಅದರ ಡೈಸೋಡಿಯಂ ಲವಣದ ಮೋಲಾರ್ ರಾಶಿ, ಸ್ಫಟಿಕ ಜಲವೂ ಸೇರಿ, 372.2. 250 ಮಿ.ಲೀ.ಗೆ ಎಷ್ಟು ಗ್ರಾಂ?

3. ಸ್ಫಟಿಕ ಜಲವಿಲ್ಲದ ಸೋಡಿಯಂ ಕಾರ್ಬೊನೇಟ್‌ನ ಮೋಲಾರ್ ರಾಶಿ 106. ಅದರ 0.05 ಮೋಲಾರ್ ದ್ರಾವಣ 100 ಮಿ.ಲೀ. ಬೇಕು. ಎಷ್ಟು ಗ್ರಾಂ?

4. ವಿದ್ಯಾರ್ಥಿಯೊಬ್ಬಳು 1.26 ಗ್ರಾಂ ಆಕ್ಸಾಲಿಕ್ ಆಮ್ಲದ ಹರಳುಗಳನ್ನು ಕರಗಿಸಿ 200 ಮಿ.ಲೀ. ದ್ರಾವಣ ಮಾಡಿದಳು. ಅದರ ಮೋಲಾರಿಟಿ ಎಷ್ಟು?

ಉತ್ತರಗಳು: (1) 14.03 ಗ್ರಾಂ (2) 0.93 ಗ್ರಾಂ (3) 0.53 ಗ್ರಾಂ (4) 0.05 ಮೋಲಾರ್